ಚಾರ್ಟರ್ ಶಾಲೆಯ ಅಂಕಗಳನ್ನು ಡಿಸ್ಟ್ರಿಕ್ಟ್ ಶಾಲೆಯ ಜೊತೆ ಹೋಲಿಸುವುದು ಹೇಗೆ?

ಅಮೆರಿಕದ ಚಾರ್ಟರ್ ಶಾಲೆ ಖಾಸಗಿಯಲ್ಲ. ಸರ್ಕಾರದ ಹಣದಲ್ಲೇ ನಡೆಯುತ್ತದೆ, ಫೀಸ್ ಇಲ್ಲ. ಆಡಳಿತ ಮಾತ್ರ ಸ್ವತಂತ್ರ. ಡಿಸ್ಟ್ರಿಕ್ಟ್ ಶಾಲೆ ಎಂದರೆ ಸ್ಥಳೀಯ ಶಿಕ್ಷಣ ಆಡಳಿತವೇ ನಡೆಸುವ ಮಾಮೂಲಿ ಸರ್ಕಾರಿ ಶಾಲೆ. ಚಾರ್ಟರ್ ಶಾಲೆಗೆ ಮೊದಲು ಕಾನೂನು ಮಾಡಿದ್ದು ಮಿನ್ನೆಸೋಟ ರಾಜ್ಯ, 1991ರಲ್ಲಿ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಪೋಷಕರೂ ಮಗುವನ್ನು ಸೇರಿಸುವ ಮುಂಚೆ ಎರಡೂ ಶಾಲೆಗಳ ಪಾಸಾದವರ ಶೇಕಡಾವಾರನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಅಷ್ಟಕ್ಕೇ ತೀರ್ಮಾನಿಸಬೇಡಿ. ಶಾಲೆ ಏನು ಕಲಿಸಿತು ಎಂಬುದಕ್ಕಿಂತ, ಎಂಥ ಮನೆಯ ಮಕ್ಕಳು ಬಂದರು ಎಂಬುದನ್ನೇ ಆ ಸಂಖ್ಯೆ ಹೆಚ್ಚು ತೋರಿಸುತ್ತದೆ.

ನೋಡಬೇಕಾದ್ದು ಪ್ರಗತಿಯನ್ನು. 3ರಿಂದ 8ನೇ ತರಗತಿವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದಲ್ಲಿ ರಾಜ್ಯದ ಪರೀಕ್ಷೆ ಇರುತ್ತದೆ. ಹಿಂದಿನ ವರ್ಷ ಒಂದೇ ಮಟ್ಟದಲ್ಲಿದ್ದ, ಒಂದೇ ತರಗತಿಯ, ಮನೆಯ ಆದಾಯ, ಇಂಗ್ಲಿಷ್ ಕಲಿಕೆ, ವಿಶೇಷ ಶಿಕ್ಷಣದ ಅಗತ್ಯ ಎಲ್ಲವೂ ಹೊಂದುವ ಮಕ್ಕಳನ್ನು ಎರಡೂ ಕಡೆಯಿಂದ ಜೋಡಿ ಮಾಡಿ, ಈ ವರ್ಷ ಯಾರು ಎಷ್ಟು ಮುಂದೆ ಹೋದರು ಎಂದು ಲೆಕ್ಕ ಹಾಕಿ. ಆದಾಯಕ್ಕೆ ಉಚಿತ ಊಟದ ಪಟ್ಟಿಯೊಂದನ್ನೇ ನೆಚ್ಚಬೇಡಿ: ಬಡತನ ಹೆಚ್ಚಿರುವ ಎಷ್ಟೋ ಶಾಲೆಗಳಲ್ಲಿ ಈಗ ಎಲ್ಲ ಮಕ್ಕಳಿಗೂ ಊಟ ಉಚಿತ.

ಇಷ್ಟಾದರೂ ಒಂದು ಎಡವಟ್ಟು ಉಳಿಯುತ್ತದೆ. ಅರ್ಜಿ ಹಾಕುವ ಪೋಷಕರ ಆಸಕ್ತಿ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಅದಕ್ಕೆ ಲಾಟರಿಯೇ ಒಳ್ಳೆಯ ದಾರಿ. ಸೀಟಿಗಿಂತ ಅರ್ಜಿ ಹೆಚ್ಚಾದಾಗ ಚೀಟಿ ಎತ್ತುತ್ತಾರೆ. ಗೆದ್ದವರೂ ಸೋತವರೂ ಆಸಕ್ತಿ ಇದ್ದವರೇ. ಇಲ್ಲಿ ಸೇರಿದವರನ್ನು ಸೇರದವರ ಜೊತೆ ಹೋಲಿಸಿದರೆ ಲಾಟರಿಯ ಲಾಭವೇ ಹೋಯಿತು. ಗೆದ್ದ ಎಲ್ಲರನ್ನೂ ಸೋತ ಎಲ್ಲರ ಜೊತೆ ಹೋಲಿಸಿ. ಉದಾಹರಣೆಗೆ ಸರಾಸರಿ ಅಂತರ 7 ಅಂಕ ಬಂತು ಎನ್ನೋಣ. ಗೆದ್ದವರಲ್ಲಿ ಶೇ 80ರಷ್ಟು ಮಂದಿ ಸೇರಿದರು, ಸೋತವರಲ್ಲೂ ಶೇ 10ರಷ್ಟು ಮಂದಿ ಆಮೇಲೆ ಸೀಟು ಪಡೆದರು. ಸೇರಿದವರ ವ್ಯತ್ಯಾಸ ಶೇ 70, ಅಂದರೆ 0.7. 7ನ್ನು ಈ 0.7ರಿಂದ ಭಾಗಿಸಿ: ಲಾಟರಿಯಿಂದಾಗಿ ಸೇರಿದ ಮಗುವಿನ ಮೇಲಿನ ಪರಿಣಾಮ 10 ಅಂಕ. ಬಾಸ್ಟನ್‌ನ ಚಾರ್ಟರ್‌ಗಳು ಹೀಗೆ ಅಳೆದಾಗಲೂ ಚೆನ್ನಾಗಿ ಮುಂದಿದ್ದವು. ಆದರೆ ಲಾಟರಿ ನಡೆಯುವುದು ಬೇಡಿಕೆ ಇರುವ ಶಾಲೆಯಲ್ಲಿ ಮಾತ್ರ. ಖಾಲಿ ಸೀಟಿನ ಶಾಲೆಗೆ ಆ ಫಲಿತಾಂಶ ಅನ್ವಯಿಸದು.

ತರಗತಿಯಲ್ಲಿ 40 ಮಕ್ಕಳಿದ್ದರೆ ಒಬ್ಬ ಮಗುವೇ ಶೇ 2.5. ಹಾಗಾಗಿ ಮೂರು ವರ್ಷದ ಅಂಕಿಅಂಶ ಕೂಡಿಸಿ ನೋಡಿ. ನಡುವೆ ಬಿಟ್ಟುಹೋದವರೆಷ್ಟು, ಆ ಸೀಟುಗಳನ್ನು ತುಂಬಿದರೇ ಎಂದು ತಪ್ಪದೆ ಕೇಳಿ. ಹಿಂದುಳಿದವರು ಹೊರಟುಹೋದರೆ ಸರಾಸರಿ ತಾನಾಗಿ ಏರುತ್ತದೆ.

ಆನ್‌ಲೈನ್ ಚಾರ್ಟರ್‌ಗಳನ್ನು ಬೇರೆಯಾಗಿಯೇ ಇಡಿ. ಸ್ಟ್ಯಾನ್‌ಫರ್ಡ್‌ನ ಕ್ರೀಡೊ ಸಂಸ್ಥೆಯ 2023ರ ವರದಿಯಲ್ಲಿ ಚಾರ್ಟರ್ ಮಕ್ಕಳು ಒಟ್ಟಾರೆ ಓದಿನಲ್ಲಿ 16 ದಿನ, ಗಣಿತದಲ್ಲಿ 6 ದಿನದ ಕಲಿಕೆಯಷ್ಟು ಮುಂದೆ; ಆನ್‌ಲೈನ್‌ನವರು ಓದಿನಲ್ಲಿ 58, ಗಣಿತದಲ್ಲಿ 124 ದಿನ ಹಿಂದೆ.