ಹಳೇ ಗಿಟಾರಿನ ಕರಕರ ನಿಂತಿತು

ನನ್ನ ಎಲೆಕ್ಟ್ರಿಕ್ ಗಿಟಾರ್ 1970ರ ದಶಕದ್ದು. ಮಹಾಗನಿ ಮರ, ತೂಕ ಹತ್ತಿರ ಹತ್ತಿರ 5 ಕೆ.ಜಿ. ಹೆಗಲು ನೋವಿಗೆ 3 ಇಂಚು ಅಗಲದ ಚರ್ಮದ ಪಟ್ಟಿ ಹಾಕಿದೆ, ಸರಿಹೋಯಿತು. ಜಾಸ್ತಿ ಕಾಡಿದ್ದು ಸದ್ದು. ಈ ಮಳೆಗಾಲದಲ್ಲಿ ವಾಲ್ಯೂಮ್ ನಾಬ್ ಮುಟ್ಟಿದರೆ ಸಾಕು, ಧ್ವನಿ ಹೆಚ್ಚಿಸುವ ಆಂಪ್‌ನಲ್ಲಿ ಕರಕರ. ತಂತಿಯ ಕಂಪನವನ್ನು ಹಿಡಿಯುವ ಪಿಕಪ್ಪೇ ಹೋಯಿತೇನೋ ಅಂತ ಹೆದರಿದ್ದೆ.

ಹಿಂದಿನ ಮುಚ್ಚಳ ಬಿಚ್ಚಿದೆ. ಉಳ್ಳಾಲದ ಉಪ್ಪುಗಾಳಿ ಅಲ್ವಾ, ಕೇಬಲ್ ಸಿಕ್ಕಿಸುವ ಜ್ಯಾಕ್ ಮೇಲೆ ಹಸಿರು ಕಿಲುಬು. ಅದನ್ನು ಒರೆಸಿದೆ. ನಾಬ್ ಕೆಳಗೆ ಸದ್ದು ಏರಿಳಿಸುವ ಭಾಗ, ಅಂದರೆ ಪಾಟ್ ಒಳಗಿನ ಕಾರ್ಬನ್ ಪಟ್ಟಿ ಮೇಲೂ ಕೊಳೆ ಕೂತಿರುತ್ತದೆ. ಮಂಗಳೂರಿನ ಹಂಪನಕಟ್ಟೆಯಿಂದ ಕಾಂಟ್ಯಾಕ್ಟ್ ಕ್ಲೀನರ್ ತಂದು, ಪಾಟ್‌ನ ವೈರ್ ಬೆಸೆದ ಕಾಲುಗಳ ಪಕ್ಕದ ಸಂದಿಗೆ ಸ್ವಲ್ಪವೇ ಹೊಡೆದೆ. ನಾಬನ್ನು ಈ ತುದಿಯಿಂದ ಆ ತುದಿಗೆ 30 ಸಲ ತಿರುಗಿಸಿದೆ.

ಹಳೇ ಪಾಟನ್ನು ಸುಮ್ನೆ ಬದಲಿಸಬೇಡಿ. ಎಷ್ಟೋ ಪಾಟ್‌ಗಳ ಬೆನ್ನ ಮೇಲಿನ ಅಂಕಿಗಳಲ್ಲಿ ಅದು ತಯಾರಾದ ವರ್ಷ ಇರುತ್ತದೆ, ಗಿಟಾರಿನ ವಯಸ್ಸಿಗೆ ಅದೊಂದು ಸುಳಿವು. ಕ್ಲೀನರ್ ಒಣಗಿದ ಮೇಲೆ ಆಂಪ್‌ಗೆ ಹಚ್ಚಿದೆ. ನಾಬ್ ತಿರುಗಿಸಿದರೂ ತಂತಿಯ ನಾದ ಬಿಟ್ಟರೆ ಬೇರೆ ಸದ್ದಿಲ್ಲ!