ಕಡ್ಡಿ ಗೀರುವ ಮುಂಚೆ: ಕ್ಯೂಬಾ ಸಿಗಾರಿನ ರುಚಿ ನೋಡುವುದು ಹೇಗೆ?

ಒಳ್ಳೆಯ ಕ್ಯೂಬಾ ಸಿಗಾರ್ ಕೈಗೆ ಬಂದ ಕೂಡಲೇ ಎಲ್ಲರೂ ಹುಡುಕುವುದು ಲೈಟರ್. ನಾನೂ ಹಾಗೇ ಮಾಡಿದ್ದೆ. ಖಾಲಿ ಹೊಟ್ಟೆಯಲ್ಲಿ, ಸಿಗರೇಟಿನ ಹಾಗೆ ಬುಸುಬುಸು ಎಳೆದೆ. ಕಾಲು ಗಂಟೆಗೆ ತಲೆ ಗಿರ್ರಂತು. ಬಾಯಿಗೆ ಒಂದು ಚೂರು ಬೆಲ್ಲ ಹಾಕಿಕೊಂಡು ಮಲಗಿದೆ. ರುಚಿ ಹೇಗಿತ್ತು ಅಂತ ಯಾರಾದರೂ ಕೇಳಿದ್ದರೆ ಹೇಳಲು ಒಂದು ಪದವೂ ಇರಲಿಲ್ಲ. ಅರ್ಧ ಪರೀಕ್ಷೆ ಬೆಂಕಿಗೆ ಮುಂಚೆಯೇ ಮುಗಿಯಬೇಕು ಅನ್ನುವುದು ಆಮೇಲೆ ಗೊತ್ತಾಯಿತು.

ಉದಾಹರಣೆಗೆ ಪಾರ್ತಾಗಾಸ್ ಸೀರಿ ಡಿ ನಂಬರ್ 4 ತೆಗೆದುಕೊಳ್ಳೋಣ. 1845ರಲ್ಲಿ ಹವಾನಾದಲ್ಲಿ ಶುರುವಾದ ಬ್ರ್ಯಾಂಡ್ ಇದು. ಉದ್ದ 124 ಮಿಲಿಮೀಟರ್, ದಪ್ಪ 50 ರಿಂಗ್ ಗೇಜ್. ಒಂದು ಇಂಚನ್ನು 64 ಪಾಲು ಮಾಡಿದರೆ ಒಂದು ಪಾಲು ಒಂದು ಗೇಜ್. ಅಂದರೆ ಇದು ಹತ್ತಿರ ಹತ್ತಿರ 20 ಮಿಲಿಮೀಟರ್ ದಪ್ಪ. ಕ್ಯೂಬಾದ್ದೇ ಇನ್ನೊಂದು ಬ್ರ್ಯಾಂಡ್ ಕೊಹಿಬಾದಷ್ಟು ಹೆಸರಿಲ್ಲದಿದ್ದರೂ ಕ್ಯೂಬಾ ಎಲೆಯ ಖಾರ ತಿಳಿಯಲು ನನ್ನ ಮಟ್ಟಿಗೆ ಇದೇ ಸರಿ.

ಮೊದಲು ಪೆಟ್ಟಿಗೆ

ಪೆಟ್ಟಿಗೆಯನ್ನು ಮಗುಚಿ ನೋಡಿ. ತಳದಲ್ಲಿ ‘ಹೆಚೊ ಎನ್ ಕೂಬಾ’ ಮತ್ತು ‘ತೊತಾಲ್ಮೆಂತೆ ಆ ಮಾನೊ’ ಎಂಬ ಮುದ್ರೆ ಇರಬೇಕು. ಎರಡನೆಯದರ ಅರ್ಥ ಪೂರ್ತಿ ಕೈಯಲ್ಲೇ ಮಾಡಿದ್ದು ಅಂತ. ಪಕ್ಕದಲ್ಲಿ ಕಾರ್ಖಾನೆಯ ಸಂಕೇತ, ತಿಂಗಳು, ವರ್ಷ ಇರುತ್ತವೆ. ಗಾಜಿನ ಮುಚ್ಚಳದ ಕೊಹಿಬಾ ಪೆಟ್ಟಿಗೆಯನ್ನು ಯಾರಾದರೂ ಅಗ್ಗದಲ್ಲಿ ಕೊಡಲು ಬಂದರೆ ಸುಮ್ನೆ ನಕ್ಕು ಮುಂದೆ ಹೋಗಿ. ಅದು ನಕಲಿ.

ಆಮೇಲೆ ಕಣ್ಣು, ಬೆರಳು, ಮೂಗು

ಸಿಗಾರಿನ ಪಟ್ಟಿಯ ಮೇಲೆ ಒಂದು ಕಾಗದ ಸುತ್ತಿಬಿಡಿ. ಹೆಸರು ಕಂಡರೆ ನಾಲಿಗೆ ಅದರ ಪರ ವಾದಿಸಲು ಶುರು ಮಾಡುತ್ತದೆ.

ಹೊರಗಿನ ಎಲೆಗೆ ಕಾಪಾ ಅಂತ ಹೆಸರು. ಪಿನಾರ್ ದೆಲ್ ರಿಯೊ ಪ್ರಾಂತ್ಯದ ವುವೆಲ್ತಾ ಅಬಾಹೊದಲ್ಲಿ, ಬಟ್ಟೆಯ ಚಪ್ಪರದ ನೆರಳಲ್ಲಿ ಬೆಳೆಸುತ್ತಾರೆ. ನರಗಳು ಸಣ್ಣಗಿರಬೇಕು, ಮೈಮೇಲೆ ತೆಳುವಾದ ಎಣ್ಣೆಯ ಹೊಳಪಿರಬೇಕು. ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ. ಸ್ವಲ್ಪ ತಗ್ಗಿ ಮತ್ತೆ ಎದ್ದು ಬಂದರೆ ಸರಿ. ಚರಪರ ಅಂದರೆ ಒಣಗಿದೆ. ಎಲ್ಲೋ ಗಂಟು ಸಿಕ್ಕರೆ ಅಲ್ಲಿ ಹೊಗೆ ಕಟ್ಟಿಕೊಳ್ಳುತ್ತದೆ. ಇಡುವ ಡಬ್ಬಿಯಲ್ಲಿ ತೇವಾಂಶ ಶೇ 65ರಿಂದ 70 ಇದ್ದರೆ ಈ ಗೋಳು ಕಡಿಮೆ.

ಈಗ ಹೊತ್ತಿಸುವ ತುದಿಯನ್ನು ಮೂಸಿ. ಇಲ್ಲಿ ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ನೆನಪು ಬರಬಹುದು, ಆದರೆ ದಾರಿ ಬೇರೆ. ಅಲ್ಲಿ ಸೊಪ್ಪನ್ನು ಬ್ಯಾರನ್ ಅನ್ನುವ ಮುಚ್ಚಿದ ಕೋಣೆಯಲ್ಲಿ ಬಿಸಿ ಕೊಟ್ಟು ಕೆಲವೇ ದಿನಗಳಲ್ಲಿ ಹದ ಮಾಡುತ್ತಾರೆ. ಎಲೆ ಹಳದಿಯಾಗುತ್ತದೆ, ಸಿಗರೇಟಿಗೆ ಹೋಗುತ್ತದೆ. ಕ್ಯೂಬಾದಲ್ಲಿ ಎಲೆಯನ್ನು ಮರದ ಕೊಟ್ಟಿಗೆಯಲ್ಲಿ ವಾರಗಟ್ಟಲೆ ಗಾಳಿಗೆ ತೂಗುಹಾಕುತ್ತಾರೆ. ಆಮೇಲೆ ರಾಶಿ ಹಾಕಿ ಹುಳಿ ಬರಿಸುತ್ತಾರೆ. ಆಗ ಎಲೆಯೊಳಗಿನ ಅಮೋನಿಯಾ ಹೊರಗೆ ಹೋಗುತ್ತದೆ. ಮೂಗಿಗೆ ಇನ್ನೂ ಅಮೋನಿಯಾ ಬಡಿದರೆ ಸಿಗಾರ್ ಎಳೆಯದು. ಡಬ್ಬಿಯಲ್ಲಿ ಮಲಗಿಸಿ ಮರೆತುಬಿಡಿ.

ಬಾಯಿಗಿಡುವ ತುದಿಯನ್ನು ಮುಚ್ಚಿದ ಎಲೆಯ ಟೋಪಿಯಿಂದ ಎರಡು ಮಿಲಿಮೀಟರ್ ಮಾತ್ರ ಕತ್ತರಿಸಿ. ಜಾಸ್ತಿ ಕತ್ತರಿಸಿದರೆ ಹೊರ ಎಲೆ ಬಿಚ್ಚಿಕೊಳ್ಳುತ್ತದೆ. ಹೊತ್ತಿಸದೆ ಒಮ್ಮೆ ಎಳೆದು ನೋಡಿ. ಎಳನೀರಿಗೆ ಸ್ಟ್ರಾ ಹಾಕಿದಷ್ಟು ಸಲೀಸಾಗಿರಬೇಕು, ಗಂಜಿಗೆ ಹಾಕಿದ ಹಾಗಲ್ಲ.

ಈಗ ಬೆಂಕಿ

ಪೆಟ್ರೋಲ್ ಲೈಟರ್ ಬೇಡ, ಅದರ ವಾಸನೆ ಎಲೆಗೆ ಹತ್ತುತ್ತದೆ. ಗ್ಯಾಸ್ ಲೈಟರ್ ಅಥವಾ ಉದ್ದನೆಯ ಕಡ್ಡಿ ಸಾಕು. ಹಪ್ಪಳ ಸುಡುವ ಹಾಗೆ, ಜ್ವಾಲೆಗೆ ತಾಗಿಸದೆ ತಿರುಗಿಸುತ್ತಾ ಅಂಚನ್ನೆಲ್ಲ ಕಾಯಿಸಿ. ಆಮೇಲೆ ಎಳೆಯಿರಿ. ನಿಮಿಷಕ್ಕೆ ಒಂದೇ ಸಲ. ಹೊಗೆ ಬಾಯಲ್ಲೇ ಇರಲಿ, ಎದೆಗೆ ಬೇಡ. ಹಾಗಂತ ಅಪಾಯ ಇಲ್ಲ ಅಂದುಕೊಳ್ಳಬೇಡಿ. ಬಾಯಿ, ಗಂಟಲಿನ ಕ್ಯಾನ್ಸರ್ ಸಿಗಾರ್ ಸೇದುವವರಿಗೂ ಬರುತ್ತದೆ.

ಒಳಗೆ ಮೂರು ಬಗೆಯ ಎಲೆ ಇರುತ್ತದೆ. ಗಿಡದ ಕೆಳಗಿನದು ವೊಲಾಡೊ, ಚೆನ್ನಾಗಿ ಉರಿಯುತ್ತದೆ. ನಡುವಿನದು ಸೆಕೊ, ಪರಿಮಳ ಕೊಡುತ್ತದೆ. ಬಿಸಿಲು ಜಾಸ್ತಿ ಕುಡಿದ ಮೇಲಿನದು ಲಿಹೇರೊ. ದಪ್ಪ, ಖಾರ, ನಿಧಾನಕ್ಕೆ ಉರಿಯುವಂಥದ್ದು. ಅದಕ್ಕೇ ಅದನ್ನು ನಟ್ಟನಡುವೆ ಇಡುತ್ತಾರೆ. ಉರಿ ಓರೆಯಾಗಿ ಒಂದೇ ಕಡೆ ಓಡುತ್ತಿದ್ದರೆ ಎಷ್ಟೋ ಸಲ ತಪ್ಪು ಈ ಜೋಡಣೆಯದು.

ಸಿಗಾರನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿ. ಪ್ರತಿ ಪಾಲಿಗೂ ಎಳೆತ, ಉರಿ, ಖಾರ, ಪರಿಮಳ, ರುಚಿ ಅಂತ ಐದು ಸಾಲು ಬರೆಯಿರಿ. ಪದಗಳಿಗೆ ಪರದಾಡಬೇಡಿ. ಹುರಿದ ಕಾಫಿ ಬೀಜ, ಕರಿಮೆಣಸು, ಹೊಸ ಚಪ್ಪಲಿಯ ಚರ್ಮ, ಜೇನು, ಮರದ ಹೊಟ್ಟು. ‘ದನದ ಕೊಟ್ಟಿಗೆ’ ಅಂತ ಬರೆದರೂ ತಪ್ಪಿಲ್ಲ. ಸಿಗಾರ್ ಬಲ್ಲವರ ಬಾಯಲ್ಲಿ ಅದು ಹೊಗಳಿಕೆ. ಸ್ವಲ್ಪ ಹೊಗೆಯನ್ನು ಮೂಗಿನಿಂದ ಬಿಟ್ಟರೆ ಮೆಣಸು ಎಲ್ಲಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಬೂದಿ ಎಷ್ಟು ಉದ್ದ ನಿಂತಿತು ಅನ್ನುವುದಕ್ಕೆ ನಾನು ಅಂಕ ಕೊಡುವುದಿಲ್ಲ. ಅದು ಒಳಗಿನ ಎಲೆ ಉದ್ದುದ್ದ ಇದೆ ಅಂತ ಹೇಳುತ್ತದೆ, ಅಷ್ಟೇ.

ಕೊನೆಯ ಪಾಲಿನಲ್ಲಿ ಹೊಗೆ ಬಿಸಿಯಾಗಿ ಕಹಿ ಬಂದರೆ ನಿಲ್ಲಿಸಿ. ಸಿಗರೇಟಿನ ಹಾಗೆ ತಿಕ್ಕಿ ಆರಿಸಬೇಡಿ, ಕೋಣೆಯೆಲ್ಲ ನಾರುತ್ತದೆ. ಆಶ್‌ಟ್ರೇಯಲ್ಲಿ ಬಿಟ್ಟರೆ ತಾನೇ ಆರುತ್ತದೆ. ಆಮೇಲೆ ಪಟ್ಟಿಯ ಮೇಲಿನ ಕಾಗದ ಬಿಚ್ಚಿ, ಹೆಸರನ್ನು ನಿಮ್ಮ ಬರಹದ ಪಕ್ಕ ಇಟ್ಟು ನೋಡಿ.