ಹಿಗಿನ್‌ಬಾಥಮ್ ಅಂದರೇನು? ಅಪರೂಪದ ಇಂಗ್ಲಿಷ್ ಸರ್‌ನೇಮ್‌ನ ಮೂಲ ಹುಡುಕುವ ಬಗೆ

ಎಂ.ಜಿ. ರೋಡಿನ ಹಿಗಿನ್‌ಬಾಥಮ್ಸ್ ಪುಸ್ತಕದಂಗಡಿ ಬೆಂಗಳೂರಿನವರಿಗೆಲ್ಲ ಗೊತ್ತು. ಏಬೆಲ್ ಜೋಶುವಾ ಹಿಗಿನ್‌ಬಾಥಮ್ 1844ರಲ್ಲಿ ಮದ್ರಾಸಿನಲ್ಲಿ ಶುರು ಮಾಡಿದ ವ್ಯಾಪಾರ ಅದು. ಆ ಹೆಸರಿನ ಅರ್ಥ ಏನು ಅಂತ ಯಾರನ್ನಾದರೂ ಕೇಳಿ ನೋಡಿ. 'ಬಾಟಮ್' ಅಂದರೆ ಗೊತ್ತಲ್ವಾ ಅಂತ ಒಬ್ಬರು ನಗುತ್ತಾರೆ. ಇನ್ನೊಬ್ಬರು ಫೋನ್ ತೆಗೆದು, ಮೊದಲು ಕಂಡ ವೆಬ್‌ಸೈಟನ್ನು ಗಟ್ಟಿಯಾಗಿ ಓದುತ್ತಾರೆ. ಆಂಗ್ಲೋ ಇಂಡಿಯನ್ ಗೆಳೆಯರ ಮನೆಗಳಲ್ಲಿ, ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮವರ ಮಕ್ಕಳ ಶಾಲಾ ಪ್ರಾಜೆಕ್ಟುಗಳಲ್ಲಿ ಇದೇ ಎಡವಟ್ಟು ನೋಡಿದ್ದೇನೆ. ಎಲ್ಲರೂ ಅರ್ಥದಿಂದ ಶುರು ಮಾಡುತ್ತಾರೆ. ಅರ್ಥದ ಸರದಿ ಬರುವುದು ತುಂಬಾ ತಡವಾಗಿ.

ಹಂತ 1: ಸ್ಪೆಲ್ಲಿಂಗುಗಳ ಪಟ್ಟಿ ಮಾಡಿ

ಹೆಸರನ್ನು ಅದರ ಒಡೆಯರ ಬಾಯಲ್ಲೇ ಕೇಳಿಸಿಕೊಳ್ಳಿ. ಆಮೇಲೆ ಕಿವಿಗೆ ಬಿದ್ದದ್ದನ್ನು ಎಷ್ಟು ರೀತಿ ಬರೆಯಬಹುದೋ ಅಷ್ಟೂ ಬರೆದಿಟ್ಟುಕೊಳ್ಳಿ. ಹಿಗಿನ್‌ಬಾಥಮ್, ಹಿಗಿನ್‌ಬಾಟಮ್, ಹಿಕಿನ್‌ಬಾಟಮ್, ಹೆಗಿನ್‌ಬಾಥಮ್ ಎಲ್ಲ ಒಂದೇ ಹೆಸರಿನ ರೂಪಗಳು. ಹತ್ತು ನಿಮಿಷದ ಕೆಲಸ.

ಹಂತ 2: ನಕ್ಷೆ ನೋಡಿ

ಬ್ರಿಟನ್ನಿನಲ್ಲಿ ಜನಗಣತಿ 1801ರಿಂದ ನಡೆಯುತ್ತಿದೆ. ಮನೆಮನೆಯವರ ಹೆಸರು ಸಿಗುವುದು 1841ರಿಂದ. ನಮಗೆ ಬೇಕಾದದ್ದು 1881ರ ಗಣತಿ. ಅದನ್ನು ಪೂರ್ತಿ ನಕಲು ಮಾಡಿ ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಪಟ್ಟಿಯಲ್ಲಿರುವ ಪ್ರತಿ ಸ್ಪೆಲ್ಲಿಂಗನ್ನೂ ಅಲ್ಲಿ ಹಾಕಿ. ಯಾವ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ಜಾಸ್ತಿ ಜನ ಸಿಗುತ್ತಾರೋ ಗುರುತು ಹಾಕಿಕೊಳ್ಳಿ.

ಅಪರೂಪದ ಹೆಸರಾಗಿದ್ದರೆ ಇದು ಸಲೀಸು. ಸ್ಮಿತ್, ಟೇಲರ್ ಊರೂರಿನಲ್ಲೂ ಇರುತ್ತಾರೆ. ಅಪರೂಪದ ಹೆಸರು ಒಂದೆರಡು ಕೌಂಟಿಗಳಲ್ಲೇ ಗುಂಪಾಗಿ ಕೂತಿರುತ್ತದೆ. ನಮ್ಮ ಹಿಗಿನ್‌ಬಾಥಮ್ ಬಳಗ ದಟ್ಟವಾಗಿರುವುದು ಲ್ಯಾಂಕಶೈರ್, ಚೆಶೈರ್ ಕಡೆ. ಇದನ್ನು ಮರೆಯಬೇಡಿ, ಮುಂದಿನ ಹಂತಕ್ಕೆ ಬೇಕು.

ಇಡೀ ದೇಶದಲ್ಲಿ ಒಬ್ಬನೇ ಸಿಕ್ಕರೆ ಹಿಗ್ಗಬೇಡಿ. ಅದು ನಕಲು ಮಾಡಿದವರ ತಪ್ಪಾಗಿರುವ ಸಾಧ್ಯತೆಯೇ ಜಾಸ್ತಿ.

ಹಂತ 3: ಹಳೆಯ ರೂಪ ಹುಡುಕಿ

ಎಲ್ಲರೂ ಹಾರಿಸಿಬಿಡುವ ಹಂತ ಇದು. ಇಲ್ಲಿ ಆತುರ ಬೇಡ.

ಇಂಗ್ಲೆಂಡಿನಲ್ಲಿ ಸರ್‌ನೇಮ್‌ಗಳು ಅಪ್ಪನಿಂದ ಮಗನಿಗೆ ಬರುವ ರೂಢಿ ಹೆಚ್ಚುಕಡಿಮೆ 1066ರಿಂದ 1400ರ ನಡುವೆ ಗಟ್ಟಿಯಾಯಿತು. ಸ್ಪೆಲ್ಲಿಂಗ್ ನಿಂತದ್ದು ಮಾತ್ರ ಎಷ್ಟೋ ಶತಮಾನ ಕಳೆದ ಮೇಲೆ. ನಡುವಿನ ಕಾಲದಲ್ಲಿ ಪಾದ್ರಿ, ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದರು. ಅರ್ಥವಾಗದ ಹೆಸರನ್ನು ತಮಗೆ ಗೊತ್ತಿರುವ ಪದದ ಹತ್ತಿರಕ್ಕೆ ಎಳೆದರು. ಇವತ್ತಿನ ಸ್ಪೆಲ್ಲಿಂಗ್ ಒಡೆದು ಅರ್ಥ ಹೇಳಿದರೆ ಆ ಗುಮಾಸ್ತನ ಊಹೆಗೆ ಅರ್ಥ ಹೇಳಿದಂತಾಗುತ್ತದೆ, ಅಷ್ಟೇ.

ಹಿಗಿನ್‌ಬಾಥಮ್‌ನಲ್ಲಿ ಆಗುವುದೂ ಇದೇ. 'ಹಿಗಿನ್' ಅಂದರೆ ರಿಚರ್ಡ್‌ನ ಮುದ್ದಿನ ಹೆಸರು, ಹಾಗಾಗಿ ರಿಚರ್ಡ್‌ನ ಕಣಿವೆ ಅನ್ನುತ್ತಾರೆ ಕೆಲವರು. ಕೇಳಲು ಚೆನ್ನಾಗಿದೆ. ಆದರೆ 13ನೇ ಶತಮಾನದ ಲ್ಯಾಂಕಶೈರ್ ದಾಖಲೆಯಲ್ಲಿ ಸಿಗುವುದು 'ಆಕಿನ್‌ಬಾಥಮ್' ಅನ್ನುವಂಥ ರೂಪ. ಅದರಲ್ಲಿ 'ಹ' ಇಲ್ಲ, ರಿಚರ್ಡ್ ಮೊದಲೇ ಇಲ್ಲ. ಬೋಲ್ಟನ್ ಬಳಿಯ ಓಕನ್‌ಬಾಟಮ್ ಅನ್ನುವ ಜಾಗದ ಹೆಸರು ಅದು. ಅಲ್ಲಿನ ಒಂದು ರಸ್ತೆಗೆ ಈಗಲೂ ಅದೇ ಹೆಸರಿದೆ. ಹಳೆಯ ಇಂಗ್ಲಿಷಿನಲ್ಲಿ 'ಬಾಟಮ್', 'ಬಾಥಮ್' ಅಂದರೆ ಕಣಿವೆಯ ತಗ್ಗು. ಓಕ್ ಮರಗಳ ತಗ್ಗು ಅಂತ ಒಟ್ಟು ಅರ್ಥ.

ಕ್ರಿಕೆಟ್ ನೋಡುವವರಿಗೆ ಒಂದು ಮಾತು: ಇಯಾನ್ ಬಾಥಮ್ ಹೆಸರೂ ಇದೇ ತಗ್ಗಿನದು. ಎಡಗೈ ವೇಗಿ ರಯಾನ್ ಸೈಡ್‌ಬಾಟಮ್‌ನದು ಅಗಲವಾದ ತಗ್ಗು. ಪಾಪ, ಅವರ ಹೆಸರಿಗೆ ನಗುವವರೆಲ್ಲ ಸುಮ್ನೆ ನಕ್ಕಿದ್ದಾರೆ.

ಹಳೆಯ ರೂಪ ಹುಡುಕುವಾಗ ಕಾಲದಲ್ಲಿ ಹಿಂದಕ್ಕೆ ನಡೆಯಿರಿ. ಸರ್ಕಾರಿ ಜನನ ಮರಣ ನೋಂದಣಿ ಶುರುವಾದದ್ದು 1837ರ ಜುಲೈನಲ್ಲಿ. ಅದಕ್ಕೂ ಹಿಂದಿನದಕ್ಕೆ ಚರ್ಚಿನ ರಿಜಿಸ್ಟರ್‌ಗಳು. ದೀಕ್ಷಾಸ್ನಾನ, ಮದುವೆ, ಸಮಾಧಿ ಬರೆದಿಡಬೇಕು ಅಂತ 1538ರಲ್ಲಿ ಆಜ್ಞೆಯಾಯಿತು. ಇನ್ನೂ ಹಿಂದೆ ಹೋದರೆ ತೆರಿಗೆ ಪಟ್ಟಿಗಳು. ಅದರಲ್ಲೂ 1377, 1379, 1381ರ ತಲೆಗಂದಾಯದ ಪಟ್ಟಿಗಳು ಬಂಗಾರ.

ಪ್ರತಿ ಸಲ ಮೂರು ಸಂಗತಿ ಬರೆದುಕೊಳ್ಳಿ: ವರ್ಷ, ಕೌಂಟಿ, ಇದ್ದದ್ದು ಇದ್ದ ಹಾಗೆ ಸ್ಪೆಲ್ಲಿಂಗ್. ಅದನ್ನು ನೀವು ತಿದ್ದಬಾರದು. ಸರ್‌ನೇಮ್‌ಗೆ ಮೊದಲು 'ಡಿ' ಅಂತಿದ್ದರೆ ಅದು ಊರಿನಿಂದ ಬಂದ ಹೆಸರು. 'ಲೆ' ಇದ್ದರೆ ಸಾಮಾನ್ಯವಾಗಿ ಕಸುಬು ಅಥವಾ ಅಡ್ಡಹೆಸರು. 'ಫಿಲಿಯಸ್' ಅಥವಾ 'ಫಿಟ್ಸ್' ಇದ್ದರೆ ಅಪ್ಪನ ಹೆಸರು. ಇಂಗ್ಲಿಷ್ ಸರ್‌ನೇಮ್‌ಗಳು ಹೆಚ್ಚುಕಡಿಮೆ ಈ ನಾಲ್ಕೇ ಬಗೆ.

ಊರಿನ ಹೆಸರಾದರೆ ಇನ್ನೊಂದು ಎಚ್ಚರಿಕೆ ಬೇಕು. ಹುಬ್ಬಳ್ಳಿಯಲ್ಲೇ ಇರುವವನನ್ನು ಯಾರೂ ಹುಬ್ಬಳ್ಳಿ ಅಂತ ಕರೆಯಲ್ಲ. ಊರು ಬಿಟ್ಟು ಹೋದವನಿಗೆ ಆ ಹೆಸರು ಅಂಟುತ್ತದೆ. ಅಲ್ಲೂ ಹಾಗೇ. ಹಾಗಾಗಿ 2ನೇ ಹಂತದಲ್ಲಿ ಗುರುತು ಹಾಕಿದ ಗುಂಪಿನ ನಟ್ಟನಡುವೆ ಮಾತ್ರ ಹುಡುಕಬೇಡಿ, ಸುತ್ತಲಿನ ಕೌಂಟಿಗಳನ್ನೂ ನೋಡಿ. ಇಡೀ ದೇಶ ದಾಟಿ ಇನ್ನೊಂದು ಮೂಲೆಯ ಊರಿಗೆ ಗಂಟು ಹಾಕಲೂ ಹೋಗಬೇಡಿ.

ವೆಬ್‌ಸೈಟುಗಳಲ್ಲಿ 'ಇದು ಈಗ ಕಣ್ಮರೆಯಾದ ಮಧ್ಯಕಾಲದ ಹಳ್ಳಿಯ ಹೆಸರು' ಅಂತ ಕಂಡರೆ ಅನುಮಾನ ಪಡಿ. ಕಣ್ಮರೆಯಾದ ಹಳ್ಳಿಗಳು ನಿಜಕ್ಕೂ ಇವೆ. ಆದರೆ ಹಳ್ಳಿ ಯಾವ ಕೌಂಟಿಯಲ್ಲಿತ್ತು, ಯಾವ ದಾಖಲೆಯಲ್ಲಿದೆ ಅಂತ ಹೇಳದೆ ಇದ್ದರೆ, ಬರೆದವರಿಗೆ ಉತ್ತರ ಸಿಕ್ಕಿಲ್ಲ ಅಂತಲೇ ಲೆಕ್ಕ.

ಹಂತ 4: ಈಗ ನಿಘಂಟು ತೆಗೆಯಿರಿ

2016ರಲ್ಲಿ ಆಕ್ಸ್‌ಫರ್ಡ್‌ನವರು ಬ್ರಿಟನ್ ಮತ್ತು ಐರ್ಲೆಂಡಿನ ಕುಟುಂಬನಾಮಗಳ ನಿಘಂಟನ್ನು 4 ಸಂಪುಟಗಳಲ್ಲಿ ತಂದರು. 45,000ಕ್ಕೂ ಜಾಸ್ತಿ ಹೆಸರುಗಳಿವೆ. ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತದೆ. ಕೊಳ್ಳಬೇಡಿ. ಬ್ರಿಟನ್ನಿನ ಎಷ್ಟೋ ಸಾರ್ವಜನಿಕ ಗ್ರಂಥಾಲಯಗಳ ಕಾರ್ಡ್ ಇದ್ದರೆ ಆನ್‌ಲೈನ್‌ನಲ್ಲೇ ಓದಬಹುದು. ಅಲ್ಲಿರುವ ನೆಂಟರಿಗೆ ಒಂದು ಮೆಸೇಜ್ ಹಾಕಿ. ನೀವು ಕಂಡುಕೊಂಡ ಹಳೆಯ ರೂಪಗಳನ್ನು ನಿಘಂಟಿನ ಜೊತೆ ತಾಳೆ ನೋಡಿ. ಎರಡು ಅಭಿಪ್ರಾಯ ಇದ್ದರೆ ಎರಡನ್ನೂ ಬರೆಯಿರಿ. ರಾಮ್ಸ್‌ಬಾಟಮ್ ಅನ್ನುವ ಹೆಸರಿದೆ. ಕಾಡು ಬೆಳ್ಳುಳ್ಳಿಯ ಕಣಿವೆ ಅನ್ನುವ ವಿದ್ವಾಂಸರಿದ್ದಾರೆ, ಟಗರಿನ ಕಣಿವೆ ಅನ್ನುವವರೂ ಇದ್ದಾರೆ. ನನಗೆ ಬೆಳ್ಳುಳ್ಳಿ ಇಷ್ಟ, ಆದರೂ ಎರಡನ್ನೂ ಬರೆಯುತ್ತೇನೆ.

ಇಷ್ಟರಲ್ಲಿ 'ನಿಮ್ಮ ಸರ್‌ನೇಮ್‌ನ ಲಾಂಛನ' ಅಂತ ಮಗ್ಗು, ಫ್ರೇಮು ಮಾರುವ ಜಾಹೀರಾತು ಬಂದೇ ಬರುತ್ತದೆ. ದುಡ್ಡು ದಂಡ. ಇಂಗ್ಲೆಂಡಿನಲ್ಲಿ ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ. ಆಮೇಲೆ ಅದು ಅವನ ವಂಶಕ್ಕೆ ಹೋಗುತ್ತದೆ. ಸರ್‌ನೇಮ್‌ಗೆ ಅಂತ ಲಾಂಛನವೇ ಇಲ್ಲ. 1484ರಿಂದ ಈ ಕೆಲಸ ನೋಡಿಕೊಳ್ಳುತ್ತಿರುವ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್ ಹೇಳುವುದೂ ಇದನ್ನೇ.

ಹಂತ 5: ಎಷ್ಟು ಜನ ಇದ್ದಾರೆ?

'ಜಗತ್ತಿನಲ್ಲಿ ಇಷ್ಟನೇ ಸ್ಥಾನ' ಅನ್ನುವ ಅಂಕಿ ನಂಬಬೇಡಿ. ಬಹಳಷ್ಟು ಅಂದಾಜಿನ ಲೆಕ್ಕ. ಎಲ್ಲ ಸ್ಪೆಲ್ಲಿಂಗ್ ಕೂಡಿಸಿ, ಹತ್ತು ಲಕ್ಷಕ್ಕೆ ಎಷ್ಟು ಅಂತ ನೋಡಿ. 1881ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಸಂಖ್ಯೆ ಸುಮಾರು 2.6 ಕೋಟಿ. 2021ರಲ್ಲಿ ಸುಮಾರು 5.96 ಕೋಟಿ. ಆಗ 100 ಜನರಿದ್ದ ಹೆಸರಿಗೆ ಈಗ 150 ಜನ ಇದ್ದರೆ ಹೆಸರು ಬೆಳೆದಿಲ್ಲ, ಸೊರಗಿದೆ. ಸುಮಾರು 230 ಜನ ಇದ್ದರೆ ಇದ್ದಲ್ಲೇ ಇದೆ. ಅಮೆರಿಕಕ್ಕೆ ಹೋದವರ ಲೆಕ್ಕ ಬೇಕಿದ್ದರೆ ಅಲ್ಲಿನ 2010ರ ಗಣತಿಯ ಪಟ್ಟಿ ಉಚಿತ. ಕನಿಷ್ಠ 100 ಜನರಿರುವ ಹೆಸರುಗಳಷ್ಟೇ ಅದರಲ್ಲಿವೆ.

ಹಂತ 6: ಭಾರತದ ಕೊಂಡಿ ಇದ್ದರೆ

ಬೆಂಗಳೂರು ದಂಡು ಪ್ರದೇಶದ ಹಳೆಯ ಕುಟುಂಬವಾದರೆ ಚರ್ಚಿನ ದಾಖಲೆಗಳ ಪ್ರತಿಯನ್ನು ಮೈಸೂರಿನ ಹೆಸರಲ್ಲಿ ಹುಡುಕಬೇಡಿ. ಅವು ಮದ್ರಾಸ್ ಪ್ರಾಂತ್ಯದ ಕಡತಗಳಲ್ಲಿ, ಬ್ರಿಟಿಷ್ ಲೈಬ್ರರಿಯಲ್ಲಿವೆ. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಸಂಘವಾದ ಫಿಬಿಸ್‌ನ ತಾಣದಲ್ಲಿ ಹೆಸರು ಹುಡುಕುವುದು ಉಚಿತ. ಮೂಲ ಪುಟದ ಚಿತ್ರ ಬೇಕಿದ್ದರೆ ಬೇರೆ ತಾಣಕ್ಕೆ ಚಂದಾ ಕಟ್ಟಬೇಕು. ಮೊದಲು ಹುಡುಕಬೇಕಾದ ಹೆಸರು, ವರ್ಷಗಳನ್ನೆಲ್ಲ ಪಟ್ಟಿ ಮಾಡಿಟ್ಟುಕೊಂಡು ಒಂದೇ ತಿಂಗಳಿಗೆ ಕಟ್ಟಿ. ಚಂದಾ ತನ್ನಷ್ಟಕ್ಕೆ ನವೀಕರಣವಾಗುವ ಗುಂಡಿಯನ್ನು ಕಟ್ಟಿದ ದಿನವೇ ಆಫ್ ಮಾಡಿಬಿಡಿ.